ಪರವಾನಗಿ ವ್ಯಾಜ್ಯ ಮತ್ತು ಮೊಬೈಲ್ ತಂತ್ರಾಂಶ: ಜಾವಾದಿಂದ ಕನ್ನಡ ಫಾಂಟ್‌ವರೆಗೆ

ಮೊಬೈಲ್ ತಂತ್ರಾಂಶದ ಚರಿತ್ರೆಯಲ್ಲಿ ಹಲವು ದೊಡ್ಡ ತೀರ್ಮಾನಗಳ ಹಿಂದೆ ಎಂಜಿನಿಯರುಗಳ ಜೊತೆಗೆ ವಕೀಲರೂ ಇದ್ದಾರೆ. ಜಾವಾ ಪ್ರಕರಣ ಇದಕ್ಕೆ ಎದ್ದು ಕಾಣುವ ಸಾಕ್ಷಿ.

ಸನ್ ಮೈಕ್ರೊಸಿಸ್ಟಮ್ಸ್ ಕಂಪನಿ 2006ರ ನವೆಂಬರಿನಲ್ಲಿ ಜಾವಾವನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಮುಕ್ತಗೊಳಿಸಲು ತೊಡಗಿತು. ಆದರೆ ಫೋನ್ ತಯಾರಕರಿಂದ ಜಾವಾ ಎಂಇ ಮೂಲಕ ಬರುತ್ತಿದ್ದ ಶುಲ್ಕ ಅದಕ್ಕೆ ಮುಖ್ಯವಾಗಿತ್ತು. ಅದೇ ವೇಳೆಗೆ ಅಪಾಚೆ ಪ್ರತಿಷ್ಠಾನ ‘ಹಾರ್ಮನಿ’ ಯೋಜನೆಯಲ್ಲಿ ಜಾವಾ ಲೈಬ್ರರಿಗಳನ್ನು ಸ್ವತಂತ್ರವಾಗಿ ಬರೆಯುತ್ತಿತ್ತು. ಅದಕ್ಕೆ ಅಧಿಕೃತ ಮಾನ್ಯತೆ ಸಿಗಲು ಸನ್‌ನ ಪರೀಕ್ಷಾ ಕಿಟ್ ಬೇಕಿತ್ತು. ಕಿಟ್‌ನ ಕರಾರು ತಂತ್ರಾಂಶದ ಬಳಕೆಗೆ ಮಿತಿ ಹೇರುತ್ತಿದ್ದುದನ್ನು ವಿರೋಧಿಸಿ ಅಪಾಚೆ 2007ರ ಏಪ್ರಿಲಿನಲ್ಲಿ ಬಹಿರಂಗ ಪತ್ರ ಬರೆಯಿತು. ಫಲ ಸಿಗಲಿಲ್ಲ. 2010ರ ಡಿಸೆಂಬರಿನಲ್ಲಿ ಅದು ಜಾವಾದ ಕಾರ್ಯಕಾರಿ ಸಮಿತಿಯಿಂದಲೇ ಹೊರಬಂತು.

2007ರ ನವೆಂಬರಿನಲ್ಲಿ ಪ್ರಕಟವಾದ ಗೂಗಲ್‌ನ ಆಂಡ್ರಾಯ್ಡ್ ಈ ಕರಾರಿಗೆ ಸಿಲುಕದೆ ಸುತ್ತಿ ಹೋಯಿತು. ಆ್ಯಪ್ ಬರೆಯಲು ಜಾವಾ ಭಾಷೆ, ಲೈಬ್ರರಿಗಳಿಗೆ ಹಾರ್ಮನಿ, ಓಡಿಸಲು ಡಾಲ್ವಿಕ್ ಎಂಬ ಬೇರೆಯೇ ಯಂತ್ರ. ಜಾವಾ ಬೈಟ್‌ಕೋಡ್‌ನಿಂದ ಮಾರ್ಪಡಿಸಿದ ‘ಡೆಕ್ಸ್’ ರೂಪವನ್ನು ಓಡಿಸುವ ಡಾಲ್ವಿಕ್, ಕಡಿಮೆ ಮೆಮೊರಿಯ ಫೋನುಗಳಿಗೆ ಹೊಂದುತ್ತಿತ್ತು ಎಂಬುದು ನಿಜ. ಆದರೆ ಸನ್‌ನ ಪರವಾನಗಿಯಿಲ್ಲದೆ ಮುಂದುವರಿಯಲು ಸಾಧ್ಯವಾದದ್ದು ಅಷ್ಟೇ ತೂಕದ ಲಾಭ.

ಒರಾಕಲ್ 2010ರ ಜನವರಿಯಲ್ಲಿ ಸನ್ ಅನ್ನು ಕೊಂಡು, ಆಗಸ್ಟಿನಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ವಾದ ಕೊನೆಗೆ ನಿಂತದ್ದು ಜಾವಾದ 37 ಪ್ಯಾಕೇಜುಗಳಿಂದ ಆಂಡ್ರಾಯ್ಡ್‌ಗೆ ನಕಲಾದ ಸುಮಾರು 11,500 ಸಾಲುಗಳ ಮೇಲೆ. ಕೆಳ ನ್ಯಾಯಾಲಯಗಳಲ್ಲಿ ತೀರ್ಪು ಹಲವು ಸಲ ತಿರುಗುಮುರುಗಾಯಿತು. 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–2 ಬಹುಮತದಿಂದ ಅದನ್ನು ನ್ಯಾಯೋಚಿತ ಬಳಕೆ ಎಂದಿತು. ತೀರ್ಪಿಗೆ ಕಾಯದೆ ಗೂಗಲ್ 2016ರ ಆಂಡ್ರಾಯ್ಡ್ 7ರಲ್ಲೇ ಹಾರ್ಮನಿಯನ್ನು ಬಿಟ್ಟು, ಜಿಪಿಎಲ್‌ನ ಓಪನ್‌ಜೆಡಿಕೆಗೆ ಹೊರಳಿತ್ತು. 2017ರಲ್ಲಿ ಕೋಟ್ಲಿನ್ ಭಾಷೆಗೂ ಮಾನ್ಯತೆ ಕೊಟ್ಟಿತು. ಕೋಟ್ಲಿನ್ ಅನ್ನು ಈ ದಾವೆಯ ಕೂಸೆನ್ನುವುದು ಅವಸರದ ಮಾತು. ಆಂಡ್ರಾಯ್ಡ್‌ನಲ್ಲಿ ಅದು ಜಾವಾ ಲೈಬ್ರರಿಗಳನ್ನೇ ನೆಚ್ಚಿಕೊಂಡಿದೆ.

2020ರಲ್ಲಿ ರೈತರೇ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಅನ್ನು ಕರ್ನಾಟಕ ಸರ್ಕಾರ ತಂದಾಗ, ಕೊಪ್ಪಳ ಜಿಲ್ಲೆಯ ಗಂಗಾವತಿಯ ಭತ್ತದ ಗದ್ದೆಗಳಿಗೂ ಕುಷ್ಟಗಿ, ಯಲಬುರ್ಗಾಗಳ ಎರೆ–ಮಸಾರಿ ಹೊಲಗಳಿಗೂ ಅದು ತಲುಪಿದ್ದು ಇದೇ ಆಂಡ್ರಾಯ್ಡ್ ಫೋನುಗಳ ಮೂಲಕ. ಅಲ್ಲಿನ ಓದುಗರಿಗೆ ಜಾವಾದಷ್ಟೇ ಮುಖ್ಯ ಕನ್ನಡದ ಅಕ್ಷರ. ಆಂಡ್ರಾಯ್ಡ್ ಕನ್ನಡಕ್ಕೆ ಬೆಂಬಲ ಕೊಟ್ಟದ್ದು 2012ರ 4.1 ಆವೃತ್ತಿಯಲ್ಲಿ. ಕನ್ನಡ ಫಾಂಟ್‌ಗಳಲ್ಲೂ ಪರವಾನಗಿಯ ಪ್ರಶ್ನೆಯಿತ್ತು. ರೆಡ್ ಹ್ಯಾಟ್‌ನ ಲೋಹಿತ್ ಫಾಂಟ್‌ಗಳು ಮೊದಲು ಜಿಪಿಎಲ್ ಅಡಿಯಲ್ಲಿದ್ದವು. ಜಿಪಿಎಲ್ ಫಾಂಟನ್ನು ಕಡತದೊಳಗೆ ಅಡಕಗೊಳಿಸಿದರೆ ಆ ಕಡತಕ್ಕೂ ಅದೇ ಕರಾರು ಅನ್ವಯಿಸೀತೇ ಎಂಬ ಸಂದೇಹವನ್ನು ವಿನಾಯಿತಿ ಕಲಮು ಸೇರಿಸಿ ನಿವಾರಿಸಬೇಕಾಗುತ್ತಿತ್ತು. 2011ರಲ್ಲಿ ಲೋಹಿತ್, ಫಾಂಟ್‌ಗಳಿಗೆಂದೇ ರೂಪಿಸಿದ ಓಪನ್ ಫಾಂಟ್ ಪರವಾನಗಿಗೆ ಬದಲಾಯಿತು. ಇದರಡಿ ಫಾಂಟನ್ನು ಯಾವುದೇ ತಂತ್ರಾಂಶದೊಂದಿಗೆ ಹಂಚಬಹುದು, ತಿದ್ದಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ, ತಿದ್ದಿದ ರೂಪಕ್ಕೂ ಅದೇ ಪರವಾನಗಿ ಇರಬೇಕು. ಕನ್ನಡವೂ ಸೇರಿದ ಗೂಗಲ್‌ನ ನೋಟೊ ಫಾಂಟ್‌ಗಳು 2015ರಲ್ಲಿ ಅಪಾಚೆ ಪರವಾನಗಿಯಿಂದ ಇದೇ ಕರಾರಿಗೆ ಬಂದವು.