ಗೋಮಾಳ, ನಿವೇಶನ ಮತ್ತು ಸರ್ಕಾರದ ಕಣ್ಣು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಏನಾದರೂ ಇತಿಹಾಸದ ವಿಷಯ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದರು. ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಆಡಳಿತ ವರದಿಯಲ್ಲಿ ಹೇಗೂ ಇದೆ. ಆದ್ದರಿಂದ ನಮ್ಮ ದನಗಳು ಮೇಯುತ್ತಿದ್ದ ನೆಲದ ಕಥೆಯನ್ನೇ ಬರೆಯೋಣ ಎಂದುಕೊಂಡೆವು. ಕಳೆದ ವಾರ್ಷಿಕ ಮಹಾಸಭೆಯಲ್ಲಿ ಗೋಮಾಳದಲ್ಲಿ ಉಳಿದಿರುವ ಜಾಗವನ್ನು ನಿವೇಶನಕ್ಕೆ ಬಿಡಿಸಬೇಕು ಅಂತ ಕೆಲವರು, ಮೇವಿಗೆ ಉಳಿಸಬೇಕು ಅಂತ ಕೆಲವರು ಎದ್ದು ನಿಂತು ಕೂಗಾಡಿದ್ದು ಎಲ್ಲರಿಗೂ ನೆನಪಿದೆ. ಎರಡು ಕಡೆಯವರೂ ಹೇಳಿದ್ದು ಒಂದೇ ಮಾತು: "ಅದು ಸರ್ಕಾರಿ ಜಾಗ." ಹಾಗಂದರೆ ಯಾರ ಜಾಗ?

ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಗೋಮಾಳ, ಗುಂಡುತೋಪು, ಕೆರೆ, ಸ್ಮಶಾನ, ಬಂಡಿದಾರಿ ಎಲ್ಲವೂ ಶಾನುಭೋಗರ ಪುಸ್ತಕದಲ್ಲಿ ಬೇರೆ ಬೇರೆ ನಮೂದಾಗಿರುತ್ತಿದ್ದವು. ಜಮೀನು ಸರ್ಕಾರದ್ದೇ, ಆದರೆ ಇಂಥ ಉಪಯೋಗಕ್ಕೆ ಅಂತ ಮೀಸಲು. 1964ರ ಭೂಕಂದಾಯ ಕಾಯಿದೆಯ 71ನೇ ಕಲಮು ಅದನ್ನೇ ಮುಂದುವರಿಸಿತು. ಹಾಗೆ ಮೀಸಲಿಟ್ಟ ಜಾಗವನ್ನು ಜಿಲ್ಲಾಧಿಕಾರಿಗಳ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಪಹಣಿಯಲ್ಲಿ "ಬಿ ಖರಾಬು" ಅಂತ ಬರುತ್ತದಲ್ಲ, ಅದೂ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದೇ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದವು. ಅದು ಆಗಬೇಕಾದ್ದೇ, ಅವರ ದರ್ಬಾರನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆದರೆ ಯಾವ ಕಲ್ಲು ಎಲ್ಲಿತ್ತು ಅಂತ ಕಣ್ಣುಮುಚ್ಚಿ ಹೇಳಬಲ್ಲವರೂ ಅವರೊಂದಿಗೇ ಹೋದರು.

ಪಟ್ಟಣಗಳಲ್ಲಿ ಸರ್ಕಾರ ಮನೆಗಳ ಯೋಜನೆಗೆ ಕೈಹಾಕಿದ್ದು ಪ್ಲೇಗಿನ ದೆಸೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. 1903ರಲ್ಲಿ ಮೈಸೂರು ನಗರಕ್ಕೆ ಅಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು, 1945ರ ಕಾಯಿದೆಯಿಂದ ಬೆಂಗಳೂರಿಗೂ ಅಂಥದೇ ಮಂಡಳಿ ಆಯಿತು. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಇಲ್ಲೆಲ್ಲ ಮೊದಲು ನಕ್ಷೆ, ಆಮೇಲೆ ಚರಂಡಿ ರಸ್ತೆ, ಆಮೇಲೆ ಮನೆ. ಹಳ್ಳಿಗೆ ಇಂಥ ನಕ್ಷೆ ಯಾರೂ ಹಾಕಲಿಲ್ಲ. ಗ್ರಾಮಠಾಣಾ ಗೆರೆಯೊಳಗೆ ಜಾಗ ಮುಗಿದಾಗ ಎಲ್ಲರ ಕಣ್ಣು ಬಿದ್ದದ್ದು ಗೋಮಾಳದ ಮೇಲೆ.

ಇದನ್ನು ತಪ್ಪು ಅಂತ ನಾವು ಹೇಳುವುದಿಲ್ಲ. ದೇವರಾಜ ಅರಸರ ಕಾಲದಲ್ಲಿ ಭೂಮಿ ಇಲ್ಲದವರಿಗೆ ನಿವೇಶನ, ಜನತಾ ಮನೆ ಕೊಟ್ಟದ್ದರಿಂದ ಎಷ್ಟೋ ಕುಟುಂಬಗಳು ಗೌಡರ ಕೊಟ್ಟಿಗೆಯ ಮಗ್ಗುಲಿನಿಂದ ಎದ್ದು ಬಂದು ಸ್ವಂತ ಸೂರಿನ ಕೆಳಗೆ ಮಲಗಿದವು. 1991-92ರಲ್ಲಿ ಆಶ್ರಯ ಯೋಜನೆ ಬಂತು. ನಮ್ಮೂರ ಜನತಾ ಕಾಲೋನಿಯವರು ಇವತ್ತು ಸಂಘಕ್ಕೆ ಹಾಲು ಹಾಕುವವರಲ್ಲಿ ಮುಂದಿದ್ದಾರೆ. ನಮ್ಮ ತಕರಾರು ಬೇರೆ. ಹಕ್ಕುಪತ್ರ ಕೊಟ್ಟವರು ನೀರು ಹರಿಯುವ ದಾರಿ ನೋಡಲಿಲ್ಲ, ದನಕ್ಕೆ ದಾರಿ ಬಿಡಲಿಲ್ಲ. ಮೊದಲ ಜೋರು ಮಳೆಗೇ ಕೆಳಗಿನ ಸಾಲಿನ ಮನೆಗಳಿಗೆ ನೀರು ನುಗ್ಗಿತು.

ಇನ್ನು ಗೋಮಾಳದ ಲೆಕ್ಕಕ್ಕೆ ಬರೋಣ, ಹಾಲಿನವರಾದ ನಮಗೆ ಇದೇ ಮುಖ್ಯ. 1966ರ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಹೆಚ್ಚೂಕಡಿಮೆ 30 ಎಕರೆ ಬಿಡಬೇಕು. ಅದಕ್ಕಿಂತ ಮಿಕ್ಕಿದ್ದು "ಹೆಚ್ಚುವರಿ ಗೋಮಾಳ", ಅದನ್ನು ಮಂಜೂರು ಮಾಡಬಹುದು. ಊರಲ್ಲಿ 400 ರಾಸು ಇದ್ದರೆ 120 ಎಕರೆ. ಟ್ರ್ಯಾಕ್ಟರು ಬಂತು, ಎತ್ತುಗಳು ಹೋದವು, ನಾಟಿ ಹಸು ಹೋಗಿ ಕೊಟ್ಟಿಗೆಯಲ್ಲೇ ಕಟ್ಟುವ ಸೀಮೆಹಸು ಬಂತು. ರಾಸು 200ಕ್ಕೆ ಇಳಿಯಿತು ಅನ್ನಿ, ಬರೆಯುವ ಕೈ ಒಂದೂ ಮೋಸ ಮಾಡದಿದ್ದರೂ 60 ಎಕರೆ ತಾನಾಗಿಯೇ ಹೆಚ್ಚುವರಿ ಆಗಿಬಿಡುತ್ತದೆ! ಹಾಲು ಮಾತ್ರ ಹೆಚ್ಚುತ್ತಿದೆ, ಮೇವು ಕೊಂಡು ತರುತ್ತಿದ್ದೇವೆ.

ಇದರ ಜೊತೆಗೆ ಬಗರ್‌ಹುಕುಂ. ಅಪ್ಪಣೆ ಇಲ್ಲದೆ ಉತ್ತವರ ಸಾಗುವಳಿಯನ್ನು ಸಕ್ರಮ ಮಾಡಲು 94ಎ ಕಲಮು ಸೇರಿತು. 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿ ಮಾತ್ರ ಎಂದಿತ್ತು. ನಮೂನೆ 50, ಆಮೇಲೆ 53, 2018ರಲ್ಲಿ 57 ಅಂತ ಅರ್ಜಿಗಳು ಬರುತ್ತಲೇ ಹೋದವು. ನಿಜವಾಗಿ ಉತ್ತ ಬಡವನಿಗೂ ಸಿಕ್ಕಿದೆ, ಬೇಲಿ ಮಾತ್ರ ಹಾಕಿದವನಿಗೂ ಸಿಕ್ಕಿದೆ. ಹೆಸರು ಹೇಳುವುದು ಬೇಡ.

ಸಹಕಾರಿಗಳಾದ ನಾವು ತಲೆ ತಗ್ಗಿಸಬೇಕಾದ ಅಧ್ಯಾಯವೂ ಒಂದಿದೆ. 1980ರ ದಶಕದಲ್ಲಿ ಬೆಂಗಳೂರಿನ ಸುತ್ತ ಗೃಹನಿರ್ಮಾಣ ಸಹಕಾರ ಸಂಘಗಳು ಅಣಬೆಯಂತೆ ಎದ್ದವು. ಸದಸ್ಯರಿಗೆ ನಿವೇಶನ ಕೊಡುತ್ತೇವೆಂದರೆ ಸರ್ಕಾರವೇ ರೈತರ ಜಮೀನನ್ನು ಭೂಸ್ವಾಧೀನ ಮಾಡಿ ಸಂಘಕ್ಕೆ ಒಪ್ಪಿಸುತ್ತಿತ್ತು. ಜಿ.ವಿ.ಕೆ. ರಾವ್ ಅವರ ವಿಚಾರಣೆಯಲ್ಲಿ ಬಂಡವಾಳ ಬಯಲಾಯಿತು. ಅರ್ಹತೆ ಇಲ್ಲದವರೂ ಸದಸ್ಯರಾಗಿದ್ದರು, ನಡುವೆ ದಲ್ಲಾಳಿಗಳು ದುಡ್ಡು ತಿಂದಿದ್ದರು. ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘಕ್ಕಾಗಿ ನಡೆದ ಸ್ವಾಧೀನವನ್ನು ಹೈಕೋರ್ಟು 1991ರಲ್ಲಿ ರದ್ದು ಮಾಡಿತು, 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸಂಘದ ವಸತಿ ಯೋಜನೆಗೆ ಸರ್ಕಾರ ಮೊದಲು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ, ದಲ್ಲಾಳಿಯ ಪ್ರಭಾವದಿಂದ ಕೆಲಸ ನಡೆದಿತ್ತು ಎಂಬುದು ಕೋರ್ಟು ಕಂಡ ದೋಷ. ಮೇಲ್ವಿಚಾರಣೆ ಮಾಡಬೇಕಾದವರೇ ಸಹಿ ಹಾಕಿದ್ದರು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರದ ದೀಪ ಹಚ್ಚಿದ ಸಿದ್ದನಗೌಡ ಪಾಟೀಲರು ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ.

ಆಮೇಲೆ ಸರ್ಕಾರದ ಕಣ್ಣು ತುಸು ತೆರೆಯಿತು. ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ 2007ರಲ್ಲಿ ಬೆಂಗಳೂರಿನ ಸುತ್ತಿನ ಒತ್ತುವರಿಯನ್ನು ಬಯಲಿಗೆಳೆಯಿತು. ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ 2011ರಲ್ಲಿ ಇಡೀ ರಾಜ್ಯದಲ್ಲಿ ಸುಮಾರು 11 ಲಕ್ಷ ಎಕರೆ ಒತ್ತುವರಿಯಾಗಿದೆ ಎಂದಿತು. ಅದೇ ವರ್ಷ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಭೂಕಬಳಿಕೆ ನಿಷೇಧ ಕಾಯಿದೆಯೂ ಆ ವರ್ಷದ್ದೇ, ಅದರ ವಿಶೇಷ ಕೋರ್ಟು ಕೂತದ್ದು ಮಾತ್ರ 2016ರಲ್ಲಿ. 2000ದಿಂದ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಕಂಪ್ಯೂಟರು ತನಗೆ ತುಂಬಿದ್ದನ್ನೇ ಹೇಳುತ್ತದೆ ಬಿಡಿ. ಆದರೂ ಹತ್ತು ಸಲ ತಾಲ್ಲೂಕು ಕಚೇರಿ ಅಲೆಯದೆ ಗೋಮಾಳದ ಸರ್ವೆ ನಂಬರಿನ ಪಹಣಿ ತೆಗೆಯಬಹುದು ಅನ್ನುವುದು ಸಣ್ಣ ಮಾತಲ್ಲ.

ಮೂರು ವರ್ಷದ ಕೆಳಗೆ ಟಾರ್ ರಸ್ತೆಯ ಪಕ್ಕದ ಹೊಲದಲ್ಲಿ ಬಣ್ಣದ ಕಲ್ಲು ನೆಟ್ಟು ಸೈಟು ಮಾರಿದರು. ನಮ್ಮ ಹುಡುಗರೂ ಮುಂಗಡ ಕೊಟ್ಟರು. ಭೂಪರಿವರ್ತನೆ ಆಗಿರಲಿಲ್ಲ, ಬಡಾವಣೆ ನಕ್ಷೆಗೆ ಮಂಜೂರಾತಿ ಇರಲಿಲ್ಲ. ನಕಾಶೆಯಲ್ಲಿ ತೋರಿಸಿದ್ದ ಮೂವತ್ತು ಅಡಿ ರಸ್ತೆ ನಮ್ಮ ಬಂಡಿದಾರಿಯೇ! ಮುಂಗಡ ಇನ್ನೂ ವಾಪಸು ಬಂದಿಲ್ಲ.

ಇದಾದ ಮೇಲೆಯೇ ಆಡಳಿತ ಮಂಡಳಿ ಗೋಮಾಳದ ಹದ್ದುಬಸ್ತಿಗೆ ಅರ್ಜಿ ಕೊಡಲು ನಿರ್ಣಯ ಮಾಡಿದ್ದು. ನಿವೇಶನವೋ ಮೇವೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ, ಮೊದಲು ಜಾಗ ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕಲ್ಲ. ಭೂಮಾಪಕರು ಒಂದು ಸಲ ಬಂದು ಹೋಗಿದ್ದಾರೆ. ಎರಡು ಗಡಿಕಲ್ಲು ಸಿಕ್ಕಿವೆ. ಮೂರನೆಯದು ಒಬ್ಬರ ಕೊಟ್ಟಿಗೆಯ ಗೋಡೆಯೊಳಗೆ ಸೇರಿಕೊಂಡಿದೆ. ಅವರು ನಮ್ಮ ಸಂಘದ ಸದಸ್ಯರೇ. "ಅಳತೆ ಮಾಡಿ, ಬಂದದ್ದು ಬರಲಿ" ಅಂದಿದ್ದಾರೆ. ಹಬ್ಬ ಕಳೆದ ಮೇಲೆ ಭೂಮಾಪಕರು ಮತ್ತೆ ಬರುತ್ತಾರೆ.