ಸದ್ದಿಗೆ ಕೊಟ್ಟ ದುಡ್ಡು

ನಮ್ಮ ಕಳ್ಳಂಬೆಳ್ಳದ ಸೀಮೆಯ ಜನ ಸದ್ದಿಗೆಂದು ಧಾರಾಳವಾಗಿ ದುಡ್ಡು ಬಿಚ್ಚುವುದು ಕೇಳುವುದಕ್ಕಿಂತ ಕೇಳಿಸುವುದಕ್ಕೆ. ಊರಲ್ಲಿ ‘ಕುರುಕ್ಷೇತ್ರ ಅಥವಾ ಶ್ರೀಕೃಷ್ಣ ಸಂಧಾನ’ ಆಡಿದರೆ ದುರ್ಯೋಧನನ ಪಾರ್ಟಿಗೆ ಇಷ್ಟು, ಕೃಷ್ಣನ ಪಾರ್ಟಿಗೆ ಇಷ್ಟು ಎಂದು ಪಾತ್ರ ಮಾಡುವವನೇ ಕಟ್ಟಬೇಕು. ನಾಟಕದ ಮೇಷ್ಟ್ರು, ಹಾರ್ಮೋನಿಯಂ, ಸೀನರಿ, ಮೈಕ್ ಸೆಟ್ಟು ಎಲ್ಲ ಅದರಲ್ಲೇ ನಡೆಯಬೇಕು. ಎಮ್ಮೆ ಮಾರಿ ಭೀಮನಾದವರು ನನಗೆ ಗೊತ್ತು. ಅವರ ಮುಂದೆ ನಿಂತು, ಒಬ್ಬ ಮನುಷ್ಯ ಮನೆಯಲ್ಲಿ ಕೂತು ಹಾಡು ಕೇಳೋಕೆ ಎಂಟು ಲಕ್ಷ ಕೊಟ್ಟಿದ್ದಾನೆ ಎಂದರೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಎರಡೂ ಕಡೆಯವರಿಂದ ನಾನು ಕೂಲಿ ಇಸಕೊಂಡವನು.

ಅಪ್ಪನದು ಮೈಕ್ ಸೆಟ್ಟು, ನನ್ನದು ರೇಡಿಯೋ ರಿಪೇರಿ. ಹೆದ್ದಾರಿ ಪಕ್ಕದ ಅಂಗಡಿ. ಒಂದು ಕಡೆ ಶಿರಾ, ಇನ್ನೊಂದು ಕಡೆ ತುಮಕೂರು. ಈಗ ಬೆಂಗಳೂರಿನಿಂದ ಕಾರಿನಲ್ಲಿ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡು ಬರುವ ಗಿರಾಕಿಗಳಿದ್ದಾರೆ. ಅವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಒಂದೇ: ಇಷ್ಟು ದುಡ್ಡು ಸಾರ್ಥಕವಾ? ಇದಕ್ಕೆ ಉತ್ತರ ಹೇಳಬೇಕಾದರೆ ಇಲ್ಲಿಯ ಸದ್ದಿನ ಚರಿತ್ರೆಯನ್ನೇ ಸ್ವಲ್ಪ ತಿರುವಿ ಹಾಕಬೇಕಾಗುತ್ತದೆ.

ಇಲ್ಲಿಗೆ ಹತ್ತಿರದಲ್ಲೇ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು ಹಾಡುವವರು ಅದರ ಜೊತೆಗೆ ನುಡಿಸುವ ಉದ್ದನೆಯ ಬಿದಿರಿನ ಕೊಳಲಿಗೆ ಗಣೆ ಎನ್ನುತ್ತಾರೆ. ಬಿದಿರಿಗೇನು ಬೆಲೆ? ಆದರೆ ಆ ಸದ್ದನ್ನು ಯಂತ್ರದಲ್ಲಿ ಹಿಡಿದು ಮತ್ತೆ ಹೊರಡಿಸುವುದಿದೆಯಲ್ಲ, ಅದು ಸುಲಭದ ಕೆಲಸವಲ್ಲ. ಗಣೆಯಲ್ಲಿ ಸ್ವರದಷ್ಟೇ ಉಸಿರೂ ಇದೆ. ಸಣ್ಣ ಸ್ಪೀಕರಿನಲ್ಲಿ ಸ್ವರ ಬರುತ್ತದೆ, ಉಸಿರು ಸೋರಿಹೋಗುತ್ತದೆ. ಯಾವ ಸೆಟ್ಟು ತಂದರೂ ನಾನು ಮೊದಲು ಹಾಕಿ ನೋಡುವುದು, ಗೊಲ್ಲರಹಟ್ಟಿಯಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡ ಗಣೆಯನ್ನು. ಕಂಪನಿಯವರು ಕೊಡುವ ಡೆಮೋ ಹಾಡುಗಳನ್ನು ಎಂಥ ಸೆಟ್ಟಿನಲ್ಲಿ ಹಾಕಿದರೂ ಚೆನ್ನಾಗಿಯೇ ಕೇಳುತ್ತವೆ.

ಯಂತ್ರದ ಸದ್ದು ನಮ್ಮ ದೇಶಕ್ಕೆ ಬಂದದ್ದು ಅರಚುವವರ ಮೂಲಕ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡು ಹಿಡಿದಾಗ ಮೈಕೂ ಇಲ್ಲ, ಕರೆಂಟೂ ಇಲ್ಲ. ಕಹಳೆಯ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು, ಆ ಅದುರಿಗೇ ಸೂಜಿ ಮೇಣದಲ್ಲಿ ಗೀರಬೇಕು. (ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ವಿದ್ಯುತ್ ಮೈಕಿನಿಂದ ರೆಕಾರ್ಡ್ ಮಾಡುವುದು ಶುರುವಾದದ್ದು 1925ರಲ್ಲಿ. ಅಲ್ಲಿಯವರೆಗೆ ಯಂತ್ರಕ್ಕೆ ಬೇಕಾಗಿದ್ದದ್ದು ನಮ್ಮ ಗುಬ್ಬಿ ಕಂಪನಿಯ ನಟರಿಗಿದ್ದಂಥ ಗಂಟಲು. 1884ರಲ್ಲಿ ಹುಟ್ಟಿದ ಆ ಕಂಪನಿಯಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಮಾತು ಮುಟ್ಟಬೇಕಿತ್ತು, ಮೈಕಿಲ್ಲದೆ. ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ರಾತ್ರಿಯಿಡೀ ಎಳೆಯುವ ರಂಗಗೀತೆಗಳನ್ನು ಅಷ್ಟರೊಳಗೆ ಮಡಚಿ ತುರುಕಬೇಕಾಯಿತು.

ಆ ಕಾಲದಲ್ಲೇ ಅಮೆರಿಕದಲ್ಲಿ ಎಡಿಸನ್ ಕಂಪನಿ ಒಂದು ಆಟ ಕಟ್ಟಿತ್ತು. 1915ರಿಂದ ಹತ್ತು ವರ್ಷ ಊರೂರಿನ ಸಭಾಂಗಣಗಳಲ್ಲಿ ಗಾಯಕಿಯನ್ನು ಯಂತ್ರದ ಪಕ್ಕ ನಿಲ್ಲಿಸಿ ಹಾಡಿಸುವುದು, ನಡುವೆ ದೀಪ ಆರಿಸುವುದು, ಈಗ ಹಾಡುತ್ತಿರುವುದು ಹೆಂಗಸೋ ಯಂತ್ರವೋ ಹೇಳಿ ಅನ್ನುವುದು. ಜನ ತಬ್ಬಿಬ್ಬಾದರಂತೆ. ಹಾಗೆ ಹಾಡಿದ ಆನಾ ಕೇಸ್ ಮುಪ್ಪಿನಲ್ಲಿ ಒಪ್ಪಿಕೊಂಡರು: ಯಂತ್ರದ ಮಟ್ಟಕ್ಕೆ ತಮ್ಮ ದನಿಯನ್ನೇ ಇಳಿಸಿಕೊಂಡು ಹಾಡುತ್ತಿದ್ದರು. ಯಂತ್ರ ಮನುಷ್ಯನ ಹಾಗೆ ಹಾಡಲಿಲ್ಲ, ಮನುಷ್ಯಳೇ ಯಂತ್ರದ ಹಾಗೆ ಹಾಡಿದಳು. ಸದ್ದಿನ ವ್ಯಾಪಾರದಲ್ಲಿ ಈ ಕೈಚಳಕ ಇವತ್ತಿಗೂ ನಡೆಯುತ್ತಿದೆ.

ನಮ್ಮ ಕಡೆ ಗ್ರಾಮಫೋನು ಅನುಕೂಲಸ್ಥರ ಜಗಲಿಯ ಮೇಲಿನ ವಸ್ತು. ಕೀಲಿ ಕೊಡಬೇಕು, ಒಂದು ಮಗ್ಗುಲಿಗೊಂದು ಉಕ್ಕಿನ ಸೂಜಿ ಹಾಕಬೇಕು. ಅದೇ ಸೂಜಿಯನ್ನು ಮತ್ತೆ ಮತ್ತೆ ಹಾಕಿದರೆ ನಾಯಿ ಮಾರ್ಕಿನ ಪ್ಲೇಟು ಗೊರಗೊರ ಅನ್ನುತ್ತದೆ. ಅಪ್ಪನ ಹತ್ತಿರ ಬಂದ ಪ್ಲೇಟುಗಳಲ್ಲಿ ಹೆಚ್ಚಿನವು ಸೂಜಿಯ ಜಿಪುಣತನಕ್ಕೆ ಸತ್ತವು. ಸಾವಿರದ ಯಂತ್ರಕ್ಕೆ ಕಾಸಿನ ಸೂಜಿ ಹಾಕದೆ ಕೆಡಿಸುವ ಬುದ್ಧಿ ಆಗಲೂ ಇತ್ತು ಅನ್ನುವುದಕ್ಕೆ ಇದನ್ನು ಹೇಳಿದೆ.

ರೇಡಿಯೋದ ಕಥೆ ಬೇರೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದರು. ಬೆಂಗಳೂರು ಕೇಂದ್ರ 1955ರಲ್ಲಿ ಬಂತು. ಸೆಟ್ಟು ಕೊಂಡರೆ ಮುಗಿಯಲಿಲ್ಲ, ಪೋಸ್ಟಾಫೀಸಿನಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕು. ಬಹಳ ಕಾಲ ಅದು ದೊಡ್ಡ ಸೆಟ್ಟಿಗೆ 15 ರೂಪಾಯಿ. 1980ರ ದಶಕದ ನಡುವೆ ಅದು ರದ್ದಾಗುವವರೆಗೆ ಕೇಳುವುದಕ್ಕೂ ಸರ್ಕಾರ ಕಂದಾಯ ಹಾಕಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಕರೆಂಟಿಲ್ಲದ ಊರಿನಲ್ಲಿ ವಾಲ್ವ್ ರೇಡಿಯೋ ಅಂದರೆ 90 ವೋಲ್ಟಿನ ಡ್ರೈ ಬ್ಯಾಟರಿ, ಎರಡು ಗಳುವಿನ ನಡುವೆ ಬಿಗಿದ ಏರಿಯಲ್ ತಂತಿ, ಗುಡುಗು ಬಂದರೆ ಅದನ್ನು ಕಿತ್ತಿಡುವ ಗಡಿಬಿಡಿ. ಬ್ಯಾಟರಿ ಇಳಿಯುತ್ತದೆಂದು ವಾರ್ತೆ ಮುಗಿದ ಕೂಡಲೇ ಕಿವಿ ತಿರುಪಿ ಆರಿಸುತ್ತಿದ್ದರು. ಹಾಡು ಆಮೇಲಿನ ಮಾತು.

ಆ ವಾಲ್ವುಗಳು ನಮ್ಮ ಬೆಂಗಳೂರಿನವೇ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನೂ, ಮರುವರ್ಷದಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತು. ಟ್ರಾನ್ಸಿಸ್ಟರ್ ಸೆಟ್ಟು ಅಗ್ಗವಾಗಿ, ಕುರಿ ಕಾಯುವವನ ಹೆಗಲಿಗೂ ಬಂದ ಮೇಲೆ ವಾಲ್ವ್ ಸೆಟ್ಟುಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ನಾನೂ ಚೀಲಗಟ್ಟಲೆ ಬಿಚ್ಚಿದ್ದೇನೆ. ಈಗ ಅದೇ ಬಿಇಎಲ್‌ನ ಇಎಲ್84, ಇಸಿಸಿ83 ಡಬ್ಬಿ ಸಮೇತ ಸಿಕ್ಕರೆ ಬೆಂಗಳೂರಿನವರು ಕೇಳಿದಷ್ಟು ಕೊಡುತ್ತಾರೆ. ‘ವಾಲ್ವಿನ ಸದ್ದು ಬೆಚ್ಚಗಿರುತ್ತೆ’ ಅನ್ನುತ್ತಾರೆ. ಸುಳ್ಳೇನಲ್ಲ. ವಾಲ್ವು ಮಿತಿ ಮೀರಿದಾಗ ಸದ್ದಿನ ನೆತ್ತಿಯನ್ನು ಕಚಕ್ಕನೆ ಕತ್ತರಿಸುವುದಿಲ್ಲ, ಮೆಲ್ಲಗೆ ಬಾಗಿಸುತ್ತದೆ. ಆಗ ಹುಟ್ಟುವ ವಿಕಾರ ಕಿವಿಗೆ ಹಿತ. ಆದರೆ ಅದು ವಿಕಾರವೇ. ಹಿತವಾದ ವಿಕಾರಕ್ಕೆ ದುಡ್ಡು ಕೊಡುತ್ತಿದ್ದೇನೆ ಅಂತ ತಿಳಿದು ಕೊಟ್ಟರೆ ನನ್ನದೇನೂ ತಕರಾರಿಲ್ಲ.

ನನ್ನ ಕೈ ಪಳಗಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂತು. ಭಾವಗೀತೆ ಸಭೆಯಿಂದ ಎದ್ದು ನಡುಮನೆಗೆ ಬಂದು ಕೂತಿತು. ದುಬೈಯಿಂದ ಬಂದ ಟೂ ಇನ್ ಒನ್ ಶೋಕೇಸಿನಲ್ಲಿ, ಅದರ ಮೇಲೊಂದು ಕಸೂತಿ ಬಟ್ಟೆ. ಅದಕ್ಕೆ ಗತಿಯಿಲ್ಲದವರಿಗೆ ಬೆಂಗಳೂರಿನ ಎಸ್.ಪಿ. ರೋಡು: ಎಸ್‌ಟಿಕೆ ಐಸಿ, ಟ್ರಾನ್ಸ್‌ಫಾರ್ಮರು, ತಗಡಿನ ಡಬ್ಬ. ಬಸ್ಸಿನಲ್ಲಿ ಹೋಗಿ ತಂದು, ರಾತ್ರಿ ಕೂತು ಬೆಸೆದು, ಬೆಳಿಗ್ಗೆಗೆ ಆಂಪ್ಲಿಫೈಯರ್. ಸ್ಪೀಕರಿಗೆ ಪೆಟ್ಟಿಗೆ ಮಾಡಿಸಲು ದುಡ್ಡಿಲ್ಲದ ಹುಡುಗರು ಕುಂಬಾರರ ಮಡಕೆಯ ಬಾಯಿಗೆ ಸ್ಪೀಕರ್ ಕಟ್ಟುತ್ತಿದ್ದರು. ಮಡಕೆಯೊಳಗಿನ ಗಾಳಿ ಒಂದು ಸ್ವರಕ್ಕೆ ತೂಗಿ, ಗುಂ ಅನ್ನುವ ಬೇಸು ಬರುತ್ತಿತ್ತು. ಬರುತ್ತಿದ್ದದ್ದು ಒಂದೇ ಸ್ವರ, ಯಾವ ಹಾಡು ಹಾಕಿದರೂ ಅದೇ ಗುಂ. ಆದರೂ ತಂತ್ರ ನಿಜದ್ದು: ಸ್ಪೀಕರಿನ ಹಿಂದಿನ ಗಾಳಿಯನ್ನು ಪಳಗಿಸುವುದು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ ಆಳದ ಬೇಸು ತರಿಸಿ ಹೆಸರು ಮಾಡಿದ್ದೂ ಅದೇ ಗಾಳಿಯನ್ನು ಸ್ಪ್ರಿಂಗಿನಂತೆ ಬಳಸಿಕೊಂಡು. ಅವರಿಗೆ ಲೆಕ್ಕ ಗೊತ್ತಿತ್ತು, ನಮ್ಮ ಹುಡುಗರಿಗೆ ಮಡಕೆ ಗೊತ್ತಿತ್ತು.

ಈಗ ಬೆಲೆಯ ಮಾತು. ತಂತಿಯಿಂದಲೇ ಶುರು ಮಾಡುತ್ತೇನೆ, ಮೈಕ್ ಸೆಟ್ಟಿನವನಿಗೆ ತಂತಿಯ ಕಷ್ಟ ಗೊತ್ತು. ಜಾತ್ರೆಯಲ್ಲಿ ಫರ್ಲಾಂಗು ದೂರದ ಮರಕ್ಕೆ ಹಾರನ್ ಕಟ್ಟಿದರೆ ಅರ್ಧ ಸದ್ದು ತಂತಿಯಲ್ಲೇ ಕರಗುತ್ತದೆ, ಅದಕ್ಕೇ ನಾವು 100 ವೋಲ್ಟ್ ಲೈನಿನಲ್ಲಿ ಕಳಿಸುವುದು. ಮನೆಯಲ್ಲಿ? ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಐದು ಮೀಟರ್, ಹೋಗಿ ಬರಲು ಹತ್ತು. ಒಂದು ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ವೈರಿಗೆ ಅಷ್ಟು ಉದ್ದಕ್ಕೆ ಸುಮಾರು 0.17 ಓಮ್. ಎಂಟು ಓಮಿನ ಸ್ಪೀಕರಿಗೆ ಇದರಿಂದ ಆಗುವ ನಷ್ಟ ಡೆಸಿಬೆಲ್ಲಿನ ಐದನೇ ಒಂದು ಭಾಗಕ್ಕೂ ಕಡಿಮೆ, ಯಾರ ಕಿವಿಗೂ ಎಟುಕದು. ಮನೆಗೆ ವೈರಿಂಗ್ ಮಾಡುವ 2.5 ಚದರ ಮಿಲಿಮೀಟರಿನದನ್ನು ಹಾಕಿದರೆ ಅದೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇದರ ಮೇಲೆ ಮೀಟರಿಗೆ ಹತ್ತಾರು ಸಾವಿರದ ಕೇಬಲ್ ಯಾಕೆ ಬೇಕು ಅಂತ ನನಗೆ ಯಾವ ಗಿರಾಕಿಯೂ ಹೇಳಿಲ್ಲ. ‘ಕೇಳಿ ನೋಡಿ ಯಜಮಾನ್ರೇ’ ಅನ್ನುತ್ತಾರೆ, ಅಷ್ಟೇ.

ಕೇಳಿ ನೋಡುವುದರಲ್ಲೇ ಇರುವುದು ತೊಡಕು. 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆಯಲ್ಲಿ ಸಿಡಿಗಿಂತ ಮೇಲ್ಮಟ್ಟದ ಡಿಸ್ಕನ್ನೂ, ಅದನ್ನೇ ಸಿಡಿಯ ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯಾಗಿ ಹೇಳಿದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟೂ ಪರದೆ ತೆಗೆದೂ ಜನರಿಂದ ಅಂಕ ಹಾಕಿಸಿದರು. ಕಣ್ಣಿಗೆ ಕಂಡಾಗ ಗಾತ್ರಕ್ಕೂ ಬೆಲೆಗೂ ಹೆಸರಿಗೂ ಅಂಕ ಏರಿತು. ಕಾಣದಿದ್ದಾಗ ಕಿವಿ ಪ್ರಾಮಾಣಿಕವಾಯಿತು.

ಹಾಗಂತ ಎಲ್ಲ ಬೂಟಾಟಿಕೆ ಅನ್ನುವವರ ಜೊತೆಗೂ ನಾನಿಲ್ಲ. ಪರದೆಯ ಹಿಂದಿಟ್ಟರೂ ಸ್ಪೀಕರಿಗೂ ಸ್ಪೀಕರಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಐದು ಸಾವಿರದ ಜೋಡಿಯಲ್ಲಿ ಗಣೆಯ ಉಸಿರು ಬರುವುದಿಲ್ಲ, ಐವತ್ತು ಸಾವಿರದ ಒಳ್ಳೆಯ ಜೋಡಿಯಲ್ಲಿ ಬರುತ್ತದೆ. ಐದು ಲಕ್ಷದ್ದರಲ್ಲಿ ಇನ್ನಷ್ಟು ಬರುತ್ತದೆ, ಆದರೆ ಹತ್ತರಷ್ಟಂತೂ ಅಲ್ಲ. ಆಂಪ್ಲಿಫೈಯರ್ ವ್ಯಾಟು ಎರಡರಷ್ಟಾದರೆ ಸಿಗುವುದು ಮೂರೇ ಡೆಸಿಬೆಲ್. ಸದ್ದು ಇಮ್ಮಡಿ ಅನ್ನಿಸಬೇಕಾದರೆ ವ್ಯಾಟು ಹತ್ತರಷ್ಟು ಬೇಕು. ಇನ್ನು ಗಿರಾಕಿಗಳ ವಯಸ್ಸು. ಲಕ್ಷಗಳು ಕೈಗೆ ಬರುವ ಹೊತ್ತಿಗೆ ಅರವತ್ತಾಗಿರುತ್ತದೆ, 12,000 ಹರ್ಟ್ಸ್ ಆಚೆಗಿನದು ಕಿವಿಗೆ ಬೀಳುವುದೇ ಅಪರೂಪ. ಡಬ್ಬಿಯ ಮೇಲೆ ಮಾತ್ರ 40,000 ಅಂತ ಬರೆದಿರುತ್ತದೆ. ಇಪ್ಪತ್ತು ವರ್ಷದ ಕಿವಿಯಿದ್ದಾಗ ನಮಗೆಲ್ಲ ಸಿಕ್ಕಿದ್ದು ಮಡಕೆ.

ಹೋದ ವರ್ಷ ಬೆಂಗಳೂರಿನ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ವಾಲ್ವ್ ಸೆಟ್ಟು ರಿಪೇರಿಗೆ ತಂದು, ಮನೆಗೂ ಒಮ್ಮೆ ಬಂದು ನೋಡಿ ಎಂದು ಕರೆದೊಯ್ದರು. ಕೋಣೆಯ ನೆಲ ಗ್ರಾನೈಟು, ಮೂರು ಗೋಡೆ ಬರಿಯವು, ಒಂದು ಪೂರ್ತಿ ಗಾಜು. ಸ್ಪೀಕರುಗಳು ಮೂಲೆಗೆ ಒತ್ತಿಕೊಂಡಿದ್ದವು. ಚಪ್ಪಾಳೆ ತಟ್ಟಿದೆ, ಝಣಝಣ ಅಂತ ಹಿಂದಕ್ಕೆ ಬಂತು.

“ಕೇಬಲ್ ಬದಲಾಯಿಸಿದ್ರೆ ಈ ಕರ್ಕಶ ಹೋಗುತ್ತಾ?” ಅಂದರು.

“ಸಾರ್, ಒಂದು ದಪ್ಪ ಜಮಖಾನ ಹಾಸಿ, ಗಾಜಿಗೆ ಪರದೆ ಎಳೆದು, ಪೆಟ್ಟಿಗೆಗಳನ್ನ ಗೋಡೆಯಿಂದ ಮೂರಡಿ ಈಚೆಗೆ ತನ್ನಿ. ಆಮೇಲೆ ನೋಡಾಣ.”

ಅವರು ಹಾಗೇ ಮಾಡಿದರು. ಅವರ ಮನೆಯವರು ಒಳಗಿನಿಂದ ಎರಡು ಕಂಬಳಿಯನ್ನೂ ತಂದು ಕೊಟ್ಟರು. ನನ್ನ ಗಣೆಯನ್ನು ಹಾಕಿದೆವು. ಆ ಮನೆಯಲ್ಲಿ ಮೊದಲ ಸಲ ಉಸಿರು ಉಸಿರಿನ ಹಾಗೆ ಕೇಳಿಸಿತು. ಸಾಹೇಬರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದರು, ಕೇಬಲಿನ ಮಾತೇ ಎತ್ತಲಿಲ್ಲ.

ಎರಡು ತಿಂಗಳಿಗೆ ಫೋನು ಬಂತು. ಕೇಬಲ್ ತರಿಸಿದ್ದರು, ಬೆರಳು ಗಾತ್ರದ್ದು, ಹಾವಿನ ಪೊರೆಯಂಥ ಹೊದಿಕೆ. ಹೋಗಿ ಹಾಕಿಕೊಟ್ಟೆ. “ಈಗ ನೋಡಿ, ಎಷ್ಟು ಬಿಡಿಬಿಡಿಯಾಗಿ ಕೇಳುತ್ತೆ!” ಅಂದರು. ಹೌದು ಸಾರ್ ಅಂದೆ. ಬಸ್ ಚಾರ್ಜು ಸೇರಿಸಿ ಕೂಲಿ ಇಸಕೊಂಡು, ಬಿಚ್ಚಿದ ಹಳೇ ವೈರನ್ನೂ ಕೇಳಿ ತೆಗೆದುಕೊಂಡು ಬಂದೆ. ಒಳ್ಳೆಯ ತಾಮ್ರ ಅದು, ಮುಂದಿನ ನಾಟಕಕ್ಕೆ ಬರುತ್ತದೆ.