ಸಿಗ್ಗು: ಮರೆಯಾದ ಪದದ ಜಾಡು

ಹೈದರಾಬಾದಿನಲ್ಲಿ ಸರದಿ ತಪ್ಪಿಸಿ ನುಗ್ಗುವವರಿಗೆ ‘ಸಿಗ್ಗು ಲೇದಾ?’ ಎಂಬ ಗದರಿಕೆ ಕಾದಿರುತ್ತದೆ. ತೆಲುಗರಿಗೆ ಇದು ದಿನಬಳಕೆಯ ಮಾತು. ಹಳಗನ್ನಡ ಓದಿದವರ ಕಿವಿ ಮಾತ್ರ ನಿಮಿರುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲೂ ಸೋತವರು, ಸಿಕ್ಕಿಬಿದ್ದವರು ‘ಸಿಗ್ಗಾಗುತ್ತಾರೆ’, ಅಂದರೆ ನಾಚಿ ತಲೆತಗ್ಗಿಸುತ್ತಾರೆ. ಇಂದಿನ ಕನ್ನಡ ಬರಹದಲ್ಲಿ ಆ ಪದ ಅಪರೂಪ. ಹಾಗಿದ್ದರೆ ಅದನ್ನು ತೆಲುಗಿನದೆಂದು ಪಕ್ಕಕ್ಕಿಡಬಹುದೇ? ಈ ಪ್ರಶ್ನೆ ಹಿಡಿದು ನಿಘಂಟುಗಳ ಮುಂದೆ ಕೂತೆ.

ಸಿ. ಪಿ. ಬ್ರೌನ್ 1852ರಲ್ಲಿ ಮದ್ರಾಸಿನಿಂದ ಹೊರತಂದ ತೆಲುಗು ನಿಘಂಟಿನಲ್ಲಿ ಸಿಗ್ಗು ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ ಕೋಶದಲ್ಲೂ ಇದೆ. 1961ರಲ್ಲಿ ಬರೋ ಮತ್ತು ಎಮೆನೋ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ ಎರಡನ್ನೂ ಒಂದೇ ನಮೂದಿನಲ್ಲಿ ಅಕ್ಕಪಕ್ಕ ಕೂರಿಸುತ್ತದೆ.

ಕಿಟ್ಟೆಲ್ ಕೋಶದಲ್ಲಿ ಹಿಂದಕ್ಕೆ ಹೋದಾಗ ಇನ್ನೊಂದು ಪದ ಎದುರಾಯಿತು: ‘ನಾಣ್’. ಇದರ ಅರ್ಥವೂ ಲಜ್ಜೆಯೇ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ ಇದು ಮೈ ಮುಚ್ಚಿಕೊಳ್ಳುವ ಮಾನವಾಗಿ ಬರುತ್ತದೆ. ನಾಣ್‌ನಿಂದ ‘ನಾಣ್ಚು’ ಹುಟ್ಟಿತು, ಅದು ಸವೆದು ‘ನಾಚು’ ಆಯಿತು, ಅದರಿಂದ ‘ನಾಚಿಕೆ’. ತಾಯಿಪದ ನಮ್ಮ ಬಾಯಿಂದ ಜಾರಿದರೂ ತಮಿಳು, ಮಲಯಾಳಗಳು ‘ನಾಣಂ’ ಎಂದು ಉಳಿಸಿಕೊಂಡಿವೆ. ಇಲ್ಲೊಂದು ಎಚ್ಚರಿಕೆ ಬೇಕು. ‘ನಾಣ್ಣುಡಿ’ ನೋಡಲು ಇದೇ ಕುಲದಂತಿದೆ. ಆದರೆ ಅದು ‘ನಾಡು’ ಮತ್ತು ‘ನುಡಿ’ ಸೇರಿ ಆದದ್ದು. ಲಜ್ಜೆಗೂ ಅದಕ್ಕೂ ನಂಟಿಲ್ಲ.

ಮತ್ತೆ ಸಿಗ್ಗಿಗೆ ಬಂದರೆ, ಅದು ಕನ್ನಡ, ತೆಲುಗು ಎರಡರಲ್ಲೂ ಬೆಳೆದದ್ದು ಅಚ್ಚರಿಯಲ್ಲ ಎಂಬುದಕ್ಕೆ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟ ಸಾಕ್ಷಿ. ಬಂಡೆಯ ಮೇಲೆ ಚಕ್ರೇಶ್ವರಿ ಮತ್ತು ತೀರ್ಥಂಕರರ ಉಬ್ಬುಶಿಲ್ಪಗಳು, ಕೆಳಗೆ ಹತ್ತನೆಯ ಶತಮಾನದ ಶಾಸನ. ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಕಲ್ಲಿನಲ್ಲಿವೆ. ತೆಲುಗಿನಲ್ಲಿ ಬರೆದವು ಕಂದ ಪದ್ಯಗಳು. ಅಣ್ಣ ಪಂಪ ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಆಳಿದ ಅರಿಕೇಸರಿಯ ಆಸ್ಥಾನಕವಿ. ಒಂದೇ ಮನೆತನ ಎರಡು ನುಡಿಗಳಲ್ಲಿ ಉಸಿರಾಡಿದ ಸೀಮೆಯಿದು. ಇಂಥ ಕಡೆ ಪದಗಳಿಗೆ ಬೇಲಿ ಹಾಕಲಾಗದು.

ಹಾಗಾಗಿ ಸಿಗ್ಗನ್ನು ಪರರ ಪದವೆಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕವಿಗಳು ಅದಕ್ಕೆ ‘ಆಗು’ ಸೇರಿಸಿ ಕನ್ನಡದ ಕ್ರಿಯಾಪದ ಮಾಡಿಕೊಂಡು ಬಳಸಿದ್ದಾರೆ. ಅಷ್ಟು ಹಕ್ಕು ಸಾಕು. ತೆಲುಗಿನ ನಡುವೆ ಬೆಳೆಯುವ ಹೈದರಾಬಾದಿನ ಕನ್ನಡ ಮಕ್ಕಳಿಗೆ ‘ಸಿಗ್ಗಾದಂ’ ಎಂಬುದಕ್ಕೆ ಅಡಿಟಿಪ್ಪಣಿ ಬೇಡ. ಹಳಗನ್ನಡ ಕಲಿಸುವವರು ಈ ನೆರೆಹೊರೆಯ ಬಲವನ್ನು ಪಾಠಕ್ಕೆ ತಂದುಕೊಳ್ಳಬೇಕು. ಕಾವ್ಯದ ಎಷ್ಟೋ ಸಾಲುಗಳು ಆಗ ತಾವಾಗಿಯೇ ತಿಳಿಯುತ್ತವೆ.